ಗ್ರೀಕ್ ನಾಗರಿಕತೆಯ ಡಿಜಿಟಲ್ ಆಕರಗಳು ಮತ್ತು ಗಡಿನಾಡಿನ ಕನ್ನಡ ಅಧ್ಯಯನಕಾರ

ಪ್ರಾಚೀನ ಗ್ರೀಸಿನ ಕಾವ್ಯ, ನಾಟಕ, ಇತಿಹಾಸಗ್ರಂಥಗಳಷ್ಟೇ ಅಲ್ಲದೆ ಶಾಸನಗಳು, ಪಪೈರಸ್ ಸುರುಳಿಗಳು ಮತ್ತು ಮಧ್ಯಯುಗದ ಹಸ್ತಪ್ರತಿಗಳು ಕೂಡ ಕಳೆದ ಕೆಲವು ದಶಕಗಳಲ್ಲಿ ಬಹುಮಟ್ಟಿಗೆ ಅಂತರ್ಜಾಲಕ್ಕೆ ಬಂದಿವೆ. ಅವು ದೊರೆಯುತ್ತವೆಯೇ ಎಂಬುದು ಈಗ ದೊಡ್ಡ ಪ್ರಶ್ನೆಯಲ್ಲ. ಒಂದೊಂದು ಆಕರವೂ ಯಾವ ಬಗೆಯ ಸಾಕ್ಷ್ಯವನ್ನು ಒದಗಿಸುತ್ತದೆ, ಆ ಸಾಕ್ಷ್ಯದ ಬಲವೆಷ್ಟು ಎಂಬುದೇ ಮುಖ್ಯ ಪ್ರಶ್ನೆ. ಕನ್ನಡದ ಓದುಗನು ಗ್ರೀಕ್ ಜಗತ್ತನ್ನು ಇಂಗ್ಲಿಷ್ ಅನುವಾದಗಳ ಮೂಲಕವೇ ಅರಿಯಬೇಕಾದ ಕಾಲ ಕಳೆದಿದೆ ಎಂದೂ, ಗ್ರೀಕ್ ಆಕರಗಳು ಕನ್ನಡ ನಾಡನ್ನೂ ನುಡಿಯನ್ನೂ ಮುಟ್ಟುವ ಕಡೆಗಳಿಂದ ಅಧ್ಯಯನವನ್ನು ಆರಂಭಿಸಿದರೆ ಮೂಲವನ್ನು ತಾನೇ ಪರಿಶೀಲಿಸುವ ಶಿಸ್ತು ಅವನಿಗೆ ಕೈಗೂಡುತ್ತದೆ ಎಂದೂ ಈ ಲೇಖನ ವಾದಿಸುತ್ತದೆ.

ಈ ಮಾತಿಗೆ ಹೊಸೂರಿನ ಬಳಿಯ ತೊರಪಲ್ಲಿ ಅಗ್ರಹಾರವನ್ನು ನೆಲೆಯಾಗಿ ಇಟ್ಟುಕೊಳ್ಳಲು ಕಾರಣವಿದೆ. ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದು 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿರುವ, ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಈ ಸೀಮೆಯ ಆ ಊರಿನಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು ಮುಂದೆ ಸಾಕ್ರಟೀಸನನ್ನು ಕುರಿತೂ, ಗ್ರೀಕ್ ಭಾಷೆಯಲ್ಲಿ ತನ್ನ ಆತ್ಮಚಿಂತನೆಗಳನ್ನು ಬರೆದಿಟ್ಟ ರೋಮನ್ ಚಕ್ರವರ್ತಿ ಮಾರ್ಕಸ್ ಅರೀಲಿಯಸನನ್ನು ಕುರಿತೂ ತಮಿಳಿನಲ್ಲಿ ಬರೆದರು. ಗ್ರೀಕ್ ಚಿಂತನೆಯನ್ನು ದೇಶಭಾಷೆಗೆ ತರುವ ಹಂಬಲ ಈ ಗಡಿಸೀಮೆಗೆ ಹೊಸದಲ್ಲ. ಅಂದಿನ ಓದುಗನಿಗೆ ಇಲ್ಲದಿದ್ದ ಮೂಲಪಠ್ಯ, ನಿಘಂಟು, ವ್ಯಾಖ್ಯಾನಗಳು ಇಂದು ಅದೇ ಊರಿನ ವಿದ್ಯಾರ್ಥಿಯ ಮೊಬೈಲ್ ಫೋನಿನಲ್ಲೇ ತೆರೆದುಕೊಳ್ಳುತ್ತವೆ.

ಪಠ್ಯ, ನಿಘಂಟು, ವ್ಯಾಖ್ಯಾನ

ಗ್ರೆಗರಿ ಕ್ರೇನ್ ಅವರ ನೇತೃತ್ವದಲ್ಲಿ 1980ರ ದಶಕದಲ್ಲಿ ರೂಪುಗೊಂಡು ಈಗ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡಿರುವ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯ ಆರಂಭಿಕ ಅಧ್ಯಯನಕ್ಕೆ ಅತ್ಯಂತ ಉಪಯುಕ್ತವಾದದ್ದು. ಇಲ್ಲಿ ಗ್ರೀಕ್ ಪಠ್ಯದ ಯಾವ ಪದವನ್ನು ಒತ್ತಿದರೂ ಅದರ ರೂಪವಿಶ್ಲೇಷಣೆ, ಅಂದರೆ ಧಾತು ಅಥವಾ ಪ್ರಕೃತಿ ಯಾವುದು, ಯಾವ ವಿಭಕ್ತಿ, ಯಾವ ಕಾಲ, ಯಾವ ವಚನ ಎಂಬ ವಿವರ ದೊರೆಯುತ್ತದೆ. ಅಲ್ಲಿಂದ 1843ರಲ್ಲಿ ಮೊದಲು ಪ್ರಕಟವಾದ ಲಿಡೆಲ್ ಮತ್ತು ಸ್ಕಾಟ್ ನಿಘಂಟಿನ ಪರಿಷ್ಕೃತ ಆವೃತ್ತಿಗೆ ದಾರಿಯಿದೆ. ವಿಭಕ್ತಿ ಪ್ರತ್ಯಯಗಳ ವ್ಯಾಕರಣದಲ್ಲಿ ಪಳಗಿದ ಕನ್ನಡ ವಿದ್ಯಾರ್ಥಿಗೆ ಈ ವಿಶ್ಲೇಷಣೆ ಇಂಗ್ಲಿಷ್ ವಿವರಣೆಗಿಂತ ಬೇಗ ಅರ್ಥವಾಗುತ್ತದೆ.

ಇದರ ಪ್ರಯೋಜನ ಬಿ. ಎಂ. ಶ್ರೀಕಂಠಯ್ಯನವರ ನಾಟಕಗಳನ್ನು ಓದುವಾಗ ಸ್ಪಷ್ಟವಾಗುತ್ತದೆ. ಸಾಫೋಕ್ಲೀಸನ ‘ಅಯಾಸ್’ ನಾಟಕದ ಕಟ್ಟಡವನ್ನು ಮಹಾಭಾರತದ ವೀರನೊಬ್ಬನಿಗೆ ಅಳವಡಿಸಿ ಅವರು ‘ಅಶ್ವತ್ಥಾಮನ್’ (1929) ರಚಿಸಿದರು, ಕ್ರಿ.ಪೂ. 472ರಲ್ಲಿ ಆಥೆನ್ಸಿನಲ್ಲಿ ಪ್ರದರ್ಶನಗೊಂಡ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ (1935) ಎಂದು ಕನ್ನಡಕ್ಕೆ ತಂದರು. ಅಥೀನಾ ದೇವಿಯಿಂದ ಬುದ್ಧಿಭ್ರಮೆಗೊಂಡು ಜಾನುವಾರುಗಳನ್ನೇ ಶತ್ರುಗಳೆಂದು ಕೊಂದು, ಎಚ್ಚರಗೊಂಡ ಮೇಲೆ ಅವಮಾನ ತಾಳಲಾರದೆ ಪ್ರಾಣಬಿಡುವ ಅಯಾಸನ ಕಥೆಯನ್ನು ಪರ್ಸಿಯಸ್‌ನಲ್ಲಿರುವ ಮೂಲದಲ್ಲಿ, ರಿಚರ್ಡ್ ಜೆಬ್ ಅವರ ವ್ಯಾಖ್ಯಾನದೊಡನೆ ಓದಿದರೆ, ಕನ್ನಡ ನಾಟಕ ಎಲ್ಲಿ ಮೂಲವನ್ನು ಹಿಂಬಾಲಿಸಿದೆ, ಎಲ್ಲಿ ಭಾರತದ ಕಥೆಗೆ ಮಣಿದಿದೆ ಎಂಬುದನ್ನು ಸಾಲುಸಾಲಾಗಿ ತೋರಿಸಬಹುದು. ಕನ್ನಡದ ವಿಮರ್ಶೆಗೆ ಇದರಿಂದ ಊಹೆಯ ಬದಲು ಆಧಾರ ಒದಗುತ್ತದೆ.

ಹಸ್ತಪ್ರತಿಯ ಸಾಕ್ಷ್ಯ

ಮುದ್ರಿತ ಪಠ್ಯವೇ ಮೂಲವಲ್ಲ. ಅದು ಹಸ್ತಪ್ರತಿಗಳನ್ನು ಓದಿ ಸಂಪಾದಕನು ತೀರ್ಮಾನಿಸಿದ ಪಾಠ. ಕ್ರಿ.ಶ. 1ನೆಯ ಶತಮಾನದ ನಡುವಿನದೆಂದು ವಿದ್ವಾಂಸರು ಹೇಳುವ ‘ಎರಿಥ್ರಿಯನ್ ಸಮುದ್ರದ ಪೆರಿಪ್ಲಸ್’ ಭಾರತದ ಪಶ್ಚಿಮ ಕರಾವಳಿಯ ಬಂದರುಗಳನ್ನು ಕ್ರಮವಾಗಿ ಹೆಸರಿಸುವ ನಾವಿಕ ಕೈಪಿಡಿ. ಇದು ಉಳಿದಿರುವುದು ಮುಖ್ಯವಾಗಿ 10ನೆಯ ಶತಮಾನದ ಒಂದು ಹಸ್ತಪ್ರತಿಯಲ್ಲಿ. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಸಂಗ್ರಹದ ಈ ಪ್ರತಿಯ ಪುಟಗಳನ್ನು ಉಚಿತವಾಗಿ ನೋಡಲು ಒದಗಿಸಿದೆ. ಹಳೆಯ ಭಾರತೀಯ ಪಠ್ಯಪುಸ್ತಕಗಳಿಗೆ ಆಧಾರವಾಗಿದ್ದ ಡಬ್ಲ್ಯು. ಎಚ್. ಶಾಫ್ ಅವರ 1912ರ ಇಂಗ್ಲಿಷ್ ಅನುವಾದದಲ್ಲಿ ದಕ್ಷಿಣದ ನಾಡು ‘ದಮಿರಿಕ’ ಎಂದಿದೆ, ಹಸ್ತಪ್ರತಿಯಲ್ಲಿರುವುದು ‘ಲಿಮುರಿಕೆ’. ಗ್ರೀಕ್ ಲಿಪಿಯ ಲ-ಕಾರ ಮತ್ತು ದ-ಕಾರಗಳು ಒಂದನ್ನೊಂದು ಹೋಲುವುದರಿಂದ ಲಿಪಿಕಾರ ತಪ್ಪಿದನೆಂದು ಭಾವಿಸಿ ಶಾಫ್ ಪಾಠವನ್ನು ತಿದ್ದಿದರು. ಆ ತಿದ್ದುಪಡಿಗೆ ಬೇರೆ ಆಧಾರಗಳೂ ಇವೆ. ಆದರೂ ಅದು ತಿದ್ದುಪಡಿಯೇ ಹೊರತು ಗ್ರಂಥದ ಮಾತಲ್ಲ ಎಂಬುದನ್ನು ಓದುಗನು ತಿಳಿದಿರಬೇಕು.

ಸುಮಾರು ಕ್ರಿ.ಶ. 150ರ ಟಾಲೆಮಿಯ ‘ಭೂಗೋಳ’ವನ್ನು ಬಳಸುವಾಗಲೂ ಇದೇ ಎಚ್ಚರ ಬೇಕು. ಅದರ 7ನೆಯ ಪುಸ್ತಕ ಬನವಾಸಿಯನ್ನು ಹೆಸರಿಸುತ್ತದೆ. ಆದರೆ ಟಾಲೆಮಿಯ ನಕ್ಷೆಯಲ್ಲಿ ಭಾರತದ ಪರ್ಯಾಯದ್ವೀಪ ಬಹುಮಟ್ಟಿಗೆ ಅಳಿಸಿಹೋಗಿ, ಪಶ್ಚಿಮ ಕರಾವಳಿ ಪೂರ್ವಾಭಿಮುಖವಾಗಿ ಚಾಚಿಕೊಂಡಿದೆ. ಆದ್ದರಿಂದ ಅವನು ಕೊಡುವ ಅಕ್ಷಾಂಶ ರೇಖಾಂಶಗಳನ್ನು ಇಂದಿನ ಡಿಜಿಟಲ್ ನಕ್ಷೆಗೆ ನೇರವಾಗಿ ಹಾಕಿ ಊರುಗಳನ್ನು ಗುರುತಿಸುವುದು ಸಲ್ಲದು. ಪ್ಲಿಯಡೀಸ್ ಎಂಬ ಪ್ರಾಚೀನ ಸ್ಥಳನಾಮಗಳ ಅಂತರ್ಜಾಲ ಕೋಶವನ್ನು ಬಳಸುವವರೂ ಈ ಮಿತಿಯನ್ನು ನೆನಪಿಡಬೇಕು.

ಪಪೈರಸ್ ಮತ್ತು ಕನ್ನಡದ ಪ್ರಶ್ನೆ

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ 1896ರಿಂದ ಉತ್ಖನನ ನಡೆಸಿ ತೆಗೆದ ಪಪೈರಸ್‌ಗಳಲ್ಲಿ 413ನೆಯ ಸಂಖ್ಯೆಯದು ಕನ್ನಡಿಗರಿಗೆ ವಿಶೇಷವಾದದ್ದು. ಪಪೈರಸ್ ಎಂದರೆ ಜೊಂಡಿನ ಜಾತಿಯ ಗಿಡದ ತಿರುಳಿನಿಂದ ಮಾಡಿದ ಬರೆಹದ ಹಾಳೆ. 1903ರಲ್ಲಿ ಪ್ರಕಟವಾದ ಈ ಪ್ರಹಸನದಲ್ಲಿ ಚಾರಿಟಿಯನ್ ಎಂಬ ಗ್ರೀಕ್ ಯುವತಿ ಭಾರತದ ಕರಾವಳಿಯ ಅರಸನೊಬ್ಬನ ವಶದಲ್ಲಿದ್ದಾಳೆ. ಅವಳ ಸಂಗಡಿಗರು ಅರಸನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರಸನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞ ಇ. ಹುಲ್ಟ್ಷ್ ಅವರು ಅದನ್ನು ಕನ್ನಡವೆಂದು ಸೂಚಿಸಿದರು. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ವಾದವನ್ನು ವಿಸ್ತರಿಸಿದರು, ಮಂಜೇಶ್ವರದ ಎಂ. ಗೋವಿಂದ ಪೈ ಅವರೂ ಇದರ ವಿಚಾರದಲ್ಲಿ ಆಸ್ಥೆ ವಹಿಸಿದರು. ಕನ್ನಡ ಶಾಸನಗಳನ್ನು ಸಂಪಾದಿಸಿದ್ದ ಎಲ್. ಡಿ. ಬಾರ್ನೆಟ್ ಮಾತ್ರ 1926ರಲ್ಲಿ ಇದನ್ನು ಒಪ್ಪಲಿಲ್ಲ.

ಈ ವಿವಾದವನ್ನು ಇಂದು ಯಾರಾದರೂ ಮೂಲದಿಂದಲೇ ತೂಗಿ ನೋಡಬಹುದು, ಏಕೆಂದರೆ 1903ರ ಸಂಪುಟವೂ ಹುಲ್ಟ್ಷ್ ಅವರ ಲೇಖನವಿರುವ ಪತ್ರಿಕೆಯೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ಆ ಕಾಲದ ಗ್ರೀಕ್ ಬರೆಹದಲ್ಲಿ ಪದಗಳ ನಡುವೆ ತೆರಪು ಬಿಡುವ ವಾಡಿಕೆ ಇರಲಿಲ್ಲವಾದ್ದರಿಂದ ಪದವಿಭಾಗವೆಲ್ಲ ಓದಿದವರದೇ. ಕನ್ನಡವೆಂದು ಕೊಟ್ಟ ಓದಿನಲ್ಲಿ ‘ಹಾಕಿ’ ಎಂಬ ರೂಪ ಬರುತ್ತದೆ. ಪದಾದಿಯ ಪ-ಕಾರ ಹ-ಕಾರವಾಗಿ ಮಾರ್ಪಟ್ಟದ್ದು ಹಲವು ಶತಮಾನಗಳ ನಂತರದ ಬೆಳವಣಿಗೆಯಾದ್ದರಿಂದ 2ನೆಯ ಶತಮಾನದ ಪ್ರತಿಯಲ್ಲಿ ಈ ರೂಪವನ್ನು ಒಪ್ಪುವುದು ಕಷ್ಟ. ಅದಲ್ಲದೆ ಹೋಲಿಸಿ ನೋಡಲು ಹಲ್ಮಿಡಿ ಶಾಸನಕ್ಕಿಂತ ಹಿಂದಿನ ದೀರ್ಘ ಕನ್ನಡ ಪಠ್ಯವಿಲ್ಲ. ಇಷ್ಟರ ಮೇಲೆ ಹೇಳಬಹುದಾದದ್ದು, ದಕ್ಷಿಣ ಭಾರತದ ನುಡಿಯೊಂದರ ದನಿ ಆ ಪ್ರಹಸನದಲ್ಲಿ ಇರಬಹುದು, ಆದರೆ ಅದು ಕನ್ನಡವೆಂಬುದು ಸಿದ್ಧವಾಗಿಲ್ಲ ಎಂದು ಮಾತ್ರ. ಅಭಿಮಾನದಿಂದ ಇದನ್ನು ಸಿದ್ಧಸತ್ಯವೆಂದು ಸಾರುವ ಬರೆಹಗಳು ಹೆಚ್ಚುತ್ತಿರುವಾಗ ಮೂಲವನ್ನು ತೆರೆದು ನೋಡುವ ಅಭ್ಯಾಸವೇ ಅದಕ್ಕೆ ಮದ್ದು.

ಶಾಸನಗಳು

ಶಾಸನದ ಸಾಕ್ಷ್ಯ ಇದಕ್ಕಿಂತ ಗಟ್ಟಿಯಾದದ್ದು. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಪ್ರಾಕೃತದಲ್ಲಿ ಶಾಸನ ಬರೆಸಿದ ಅಶೋಕನೇ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ ಶಾಸನ 1958ರಲ್ಲಿ ಬೆಳಕಿಗೆ ಬಂತು. ಅಲ್ಲಿ ‘ಧಮ್ಮ’ಕ್ಕೆ ಬಳಸಿರುವ ಗ್ರೀಕ್ ಪದ ‘ಯುಸೆಬಿಯ’, ಅಂದರೆ ದೈವಗುರುಹಿರಿಯರಲ್ಲಿ ತೋರುವ ಭಕ್ತಿಗೌರವ. ಪ್ಯಾಕರ್ಡ್ ಮಾನವಿಕ ಸಂಸ್ಥೆಯ ಉಚಿತ ಗ್ರೀಕ್ ಶಾಸನಕೋಶದಲ್ಲಿ ಈ ಪದದ ಇತರ ಬಳಕೆಗಳನ್ನು ಹುಡುಕಿ ಹೋಲಿಸಿದರೆ, ಗ್ರೀಕರು ಭಾರತದ ಒಂದು ಪರಿಕಲ್ಪನೆಯನ್ನು ಹೇಗೆ ಗ್ರಹಿಸಿದರೆಂಬುದು ತಿಳಿಯುತ್ತದೆ.

ಮಿತಿಗಳು ಮತ್ತು ಕರ್ತವ್ಯ

ಈ ಆಕರಗಳಿಗೆ ಕೊರತೆಗಳೂ ಇವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಆರಂಭವಾದ ‘ಥಿಸಾರಸ್ ಲಿಂಗ್ವೆ ಗ್ರೆಕೆ’ ಅತ್ಯಂತ ವಿಸ್ತಾರವಾದ ಗ್ರೀಕ್ ಪಠ್ಯಸಂಗ್ರಹವಾದರೂ ಅದರ ಪೂರ್ಣ ಬಳಕೆಗೆ ಚಂದಾ ಬೇಕು. ಉಚಿತವಾಗಿ ದೊರೆಯುವ ಅನುವಾದಗಳಲ್ಲಿ ಹೆಚ್ಚಿನವು ಹಕ್ಕುಸ್ವಾಮ್ಯ ಮುಗಿದ ಹಳೆಯವಾದ್ದರಿಂದ ಅವುಗಳ ಟಿಪ್ಪಣಿಗಳಲ್ಲಿ ನಂತರದ ಸಂಶೋಧನೆ ಇರುವುದಿಲ್ಲ. ಈ ತಾಣಗಳ ನಿಘಂಟು, ವ್ಯಾಕರಣಗಳೆಲ್ಲ ಇಂಗ್ಲಿಷಿನ ಮೂಲಕವೇ ಮಾತಾಡುತ್ತವೆ.

ಈ ಕೊನೆಯ ಕೊರತೆಯನ್ನು ತುಂಬುವ ಹೊಣೆ ಕನ್ನಡಿಗರದೇ. ಪರ್ಸಿಯಸ್‌ನ ಪಠ್ಯಗಳನ್ನು ಮುಕ್ತ ಪರವಾನಗಿಯಡಿ ಮರುಬಳಸಬಹುದು. ಭಾರತದ ಕಾನೂನಿನಂತೆ ಹಕ್ಕುಸ್ವಾಮ್ಯ ಲೇಖಕನ ಮರಣಾನಂತರ 60 ವರ್ಷ ಇರುವುದರಿಂದ, 1946ರಲ್ಲಿ ತೀರಿಕೊಂಡ ಶ್ರೀಕಂಠಯ್ಯನವರ ಕೃತಿಗಳು ಸಾರ್ವಜನಿಕರವಾಗಿವೆ. ಈಸ್ಕಿಲಸನ ಗ್ರೀಕ್ ಸಾಲುಗಳ ಎದುರಿಗೆ ‘ಪಾರಸಿಕರು’ ನಾಟಕದ ಸಾಲುಗಳನ್ನು ಹೊಂದಿಸಿ, ಕನ್ನಡದಲ್ಲೇ ಪದಕೋಶವನ್ನೂ ವ್ಯಾಕರಣ ಟಿಪ್ಪಣಿಗಳನ್ನೂ ಸೇರಿಸಿ, ಎಲ್ಲರಿಗೂ ಉಚಿತವಾಗಿ ಸಿಗುವ ಆವೃತ್ತಿಯೊಂದನ್ನು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ತೊರಪಲ್ಲಿಯ ವಿದ್ಯಾರ್ಥಿಯೂ ಮಂಜೇಶ್ವರದ ವಿದ್ಯಾರ್ಥಿಯೂ ತಮ್ಮ ನುಡಿಯಿಂದಲೇ ಗ್ರೀಕ್ ಕಲಿಯಲು ಆರಂಭಿಸಬೇಕಾದರೆ ಮೊದಲು ಆಗಬೇಕಾದ ಕೆಲಸ ಇದು.