ಲೈಸೆನ್ಸು ಪೆಟ್ಟಿಗೆಗೋ, ನೋಡೋದಕ್ಕೋ?

ಹಿಂದೆ ರೇಡಿಯೊ ಇದ್ದ ಮನೆಯವರು ವರ್ಷಾ ವರ್ಷಾ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕಿತ್ತು. 1933ರ ಕಾಯಿದೆ ಪ್ರಕಾರ ಲೈಸೆನ್ಸಿಲ್ಲದೆ ರೇಡಿಯೊ ಇಟ್ಟುಕೊಳ್ಳೋದೇ ಅಪರಾಧ. ಹಾಡು ಕೇಳಿದರೂ ಅಷ್ಟೇ, ಮೂಲೆಯಲ್ಲಿಟ್ಟರೂ ಅಷ್ಟೇ. 1980ರ ದಶಕದಲ್ಲಿ ಈ ಪದ್ಧತಿ ನಮ್ಮ ದೇಶದಲ್ಲಿ ನಿಂತುಹೋಯಿತು.

ಬ್ರಿಟನ್ನಿನಲ್ಲಿ ಮಾತ್ರ ನಿಂತಿಲ್ಲ. ಅಲ್ಲಿ 1922ರಲ್ಲಿ ರೇಡಿಯೊಗೆ 10 ಶಿಲಿಂಗ್, 1946ರ ಜೂನ್‌ನಿಂದ ಟಿವಿಗೆ 2 ಪೌಂಡ್ ಲೈಸೆನ್ಸು ಬಂತು. ಬಿಬಿಸಿ ನಡೆಯೋದು ಬಹುಪಾಲು ಈ ಹಣದಿಂದಲೇ. ಅಲ್ಲಿಗೆ ಓದಲು, ದುಡಿಯಲು ಹೋದವರಿಗೆ ಈಗ ಬರುವ ಪ್ರಶ್ನೆ: "ನಾವು ನೋಡೋದು ನೆಟ್‌ಫ್ಲಿಕ್ಸ್ ಮಾತ್ರ, ನಮಗೂ ಲೈಸೆನ್ಸು ಬೇಕಾ?"

ಅಲ್ಲಿನ ಕಾನೂನು ನೋಡೋದು ಪೆಟ್ಟಿಗೆಯನ್ನಲ್ಲ, ನೋಟವನ್ನು. ಪ್ರಸಾರವಾಗುತ್ತಿರುವಾಗಲೇ ಯಾವುದೇ ಚಾನೆಲ್ ನೋಡಿದರೆ ಲೈಸೆನ್ಸು ಬೇಕು, ಅದು ಮೊಬೈಲಿನಲ್ಲಾದರೂ ಸರಿ. ಬೇಕಾದಾಗ ತೆಗೆದು ನೋಡುವ ಸಿನಿಮಾ, ಧಾರಾವಾಹಿಗಳಷ್ಟೇ ಆದರೆ ಬೇಡ. ಆದರೆ ಬಿಬಿಸಿಯ ಐಪ್ಲೇಯರ್ ಇದಕ್ಕೆ ಹೊರತು. ಪ್ರಸಾರ ಮುಗಿದ ಮೇಲೆ ಅದರಲ್ಲಿ ನೋಡುವವರಿಗೆ ಮೊದಲು ವಿನಾಯಿತಿ ಇತ್ತು. 2016ರ ಸೆಪ್ಟೆಂಬರ್ 1ರಿಂದ ಅದಕ್ಕೂ ಲೈಸೆನ್ಸು ಬೇಕಾಯಿತು. ತಪ್ಪಿದರೆ 1,000 ಪೌಂಡಿನವರೆಗೂ ದಂಡ.

ಲೈಸೆನ್ಸು ಹೋದರೂ ಪ್ರಸಾರದ ಖರ್ಚು ಹೋಗೋದಿಲ್ಲ. ನಮ್ಮ ಆಕಾಶವಾಣಿ, ದೂರದರ್ಶನ ಹೆಚ್ಚಾಗಿ ಸರ್ಕಾರದ ಬೊಕ್ಕಸದಿಂದ, ಅಂದರೆ ನಮ್ಮ ತೆರಿಗೆಯಿಂದಲೇ ನಡೀತವೆ. ಜಾಹೀರಾತು ನಂಬಿದ ಚಾನೆಲ್ಲು ತಲೆ ಎಣಿಸುತ್ತದೆ. ಗಡಿಯಾಚೆ ಕೂತು ಕನ್ನಡ ವಾರ್ತೆ ಕೇಳುವ ನಮ್ಮಂಥ ಕೆಲವೇ ಜನರಿಗೆ, ಎಲ್ಲರ ದುಡ್ಡಿನಿಂದ ನಡೆಯುವ ಬಾನುಲಿಯೇ ಆಸರೆ. ಅದಕ್ಕೆ ಯಾರು ಹಣ ಕೊಡಬೇಕು ಅನ್ನೋದು ಬ್ರಿಟನ್ನಿನವರ ತಕರಾರು ಮಾತ್ರವಲ್ಲ, ನಮ್ಮದೂ ಹೌದು.