ಮರುಭೂಮಿಯಿಂದ ಮರೆಯಾದ ಕಾಡುಕತ್ತೆ

ನಮ್ಮ ಕಡೆ ಕತ್ತೆ ಎಂದರೆ ಬಟ್ಟೆಗಂಟು, ಇಟ್ಟಿಗೆ ಹೊರುವ ಬಡಪಾಯಿ. ಸಿಟ್ಟು ಬಂದಾಗ ಬಾಯಿಗೆ ಬರುವ ಬೈಗುಳ. ಅದರ ಕುಲದ್ದೇ ಆದ ಇನ್ನೊಂದು ಪ್ರಾಣಿ ಸಿರಿಯಾ, ಇರಾಕ್, ಜೋರ್ಡಾನ್‌ಗಳ ಮರುಭೂಮಿಯಲ್ಲಿ ಹಿಂಡುಹಿಂಡಾಗಿ ಸ್ವತಂತ್ರವಾಗಿ ಓಡಾಡಿಕೊಂಡಿತ್ತು. ಭುಜದ ಬಳಿ ಸುಮಾರು ಒಂದು ಮೀಟರ್ ಎತ್ತರವಿದ್ದ ಆ ಸಿರಿಯಾದ ಕಾಡುಕತ್ತೆ ಇಂದು ಭೂಮಿಯ ಮೇಲಿಲ್ಲ.

ಅದರ ಬೇಟೆ ಬಹಳ ಹಳೆಯದು. ಕ್ರಿಸ್ತಪೂರ್ವ 7ನೇ ಶತಮಾನದಲ್ಲಿ ಅಸ್ಸೀರಿಯಾದ ದೊರೆ ಅಶೂರ್‌ಬನಿಪಾಲ್ ನಿನೆವೆಯ ಅರಮನೆ ಗೋಡೆಗಳಲ್ಲಿ ಕಾಡುಕತ್ತೆಗಳ ಬೇಟೆಯನ್ನು ಕೆತ್ತಿಸಿದ. ಇರಾನಿನ ಸಾಸಾನಿ ದೊರೆ ಐದನೇ ಬಹ್ರಾಮ್ ಅಲ್ಲಿನ ಕಾಡುಕತ್ತೆಗಳ ಬೇಟೆಯಿಂದ ‘ಬಹ್ರಾಮ್ ಗೋರ್’ ಎಂದೇ ಹೆಸರಾದ. ಫಾರ್ಸಿಯಲ್ಲಿ ‘ಗೋರ್’ ಎಂದರೆ ಕಾಡುಕತ್ತೆ, ಸಮಾಧಿಯೂ ಹೌದು. 8ನೇ ಶತಮಾನದಲ್ಲಿ ಉಮಯ್ಯಾದ್ ಮನೆತನದವರು ಜೋರ್ಡಾನಿನ ಮರುಭೂಮಿಯಲ್ಲಿ ಕಟ್ಟಿಸಿದ ಕುಸೈರ್ ಅಮ್ರಾದ ಗೋಡೆಚಿತ್ರಗಳಲ್ಲೂ ಇವುಗಳನ್ನು ಬಲೆಗೆ ಅಟ್ಟುವ ದೃಶ್ಯವಿದೆ.

ಅರಬರಿಗೆ ಕಾಡುಕತ್ತೆ ದಿನನಿತ್ಯದ ಪರಿಚಯದ ಪ್ರಾಣಿ. ಕುರ್‌ಆನಿನ ‘ಅಲ್ ಮುದ್ದಸ್ಸಿರ್’ ಅಧ್ಯಾಯವು ಉಪದೇಶಕ್ಕೆ ಬೆನ್ನು ತಿರುಗಿಸುವವರನ್ನು ಬೆದರಿ ಓಡುವ ಕತ್ತೆಗಳಿಗೆ ಹೋಲಿಸುತ್ತದೆ. ಸಾಕಿದ ಕತ್ತೆಯ ಮಾಂಸ ನಿಷಿದ್ಧವಾದರೂ ಕಾಡುಕತ್ತೆಯದು ಹಲಾಲ್ ಆಗಿತ್ತು. ಆದರೆ ಅದಕ್ಕೂ ಒಂದು ಮಿತಿಯಿತ್ತು.

ಹುದೈಬಿಯಾದ ವರ್ಷ (ಕ್ರಿ.ಶ. 628) ಪ್ರವಾದಿಯವರ(ಸ) ಸಂಗಾತಿಗಳು ಉಮ್ರಾಕ್ಕೆ ಇಹ್ರಾಮ್ ಧರಿಸಿ ಹೊರಟಿದ್ದರು. ದಾರಿಯಲ್ಲಿ ಕಾಡುಕತ್ತೆಯೊಂದು ಕಾಣಿಸಿತು. ಇಹ್ರಾಮ್‌ನಲ್ಲಿರದ ಅಬೂ ಕತಾದಾ(ರ) ಕುದುರೆ ಏರಿ, ಕೆಳಗೆ ಬಿದ್ದ ಚಾವಟಿ ಎತ್ತಿಕೊಡಿ ಎಂದರು. ಯಾರೂ ಕೊಡಲಿಲ್ಲ. ಅವರೇ ಇಳಿದು ಎತ್ತಿಕೊಂಡು ಬೇಟೆಯಾಡಿದರು. ವಿಷಯ ಪ್ರವಾದಿಯವರ(ಸ) ಮುಂದೆ ಬಂದಾಗ, ನಿಮ್ಮಲ್ಲಿ ಯಾರಾದರೂ ಬೇಟೆಯಾಡಲು ಹೇಳಿದಿರಾ, ಬೆರಳು ತೋರಿದಿರಾ ಎಂದು ಅವರು ವಿಚಾರಿಸಿದರು. ಇಲ್ಲವೆಂದ ಮೇಲೆಯೇ ಮಾಂಸ ತಿನ್ನಲು ಒಪ್ಪಿಗೆ ಸಿಕ್ಕಿತು. ಇಹ್ರಾಮ್‌ನಲ್ಲಿರುವವನು ಬೇಟೆಯಾಡದಿದ್ದರೆ ಸಾಲದು, ಬೇಟೆಗೆ ನೆರವಾಗಲೂ ಬಾರದು.

ಈಟಿ, ಬಲೆ, ಕುದುರೆಗಳ ಕಾಲವನ್ನು ಈ ಪ್ರಾಣಿ ಹೇಗೋ ದಾಟಿ ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಮರುಭೂಮಿಯ ಮೂಲೆಮೂಲೆಗೂ ಹೊಸ ರೈಫಲ್‌ಗಳು ಬಂದವು. ಹಿಂದೆಯೇ ಮೋಟಾರು ವಾಹನಗಳು. 1927ರಲ್ಲಿ ಜೋರ್ಡಾನಿನ ಅಜ್ರಕ್ ಓಯಸಿಸ್ ಬಳಿ ಕೊನೆಯ ಕಾಡುಕತ್ತೆ ಗುಂಡಿಗೆ ಬಲಿಯಾಯಿತು. ಕುಸೈರ್ ಅಮ್ರಾದ ಆ ಗೋಡೆಚಿತ್ರ ಅಲ್ಲಿಂದ ದೂರವೇನಿಲ್ಲ. ಸುಮಾರು ಅದೇ ಕಾಲಕ್ಕೆ ವಿಯೆನ್ನಾದ ಶೋನ್‌ಬ್ರುನ್ ಮೃಗಾಲಯದಲ್ಲಿದ್ದ ಕೊನೆಯದೂ ಸತ್ತಿತು.

ಇದರ ಸೋದರ ತಳಿಯೊಂದು ಗುಜರಾತಿನ ಕಚ್‌ನ ಚಿಕ್ಕ ರಣದಲ್ಲಿದೆ. ರೋಗಗಳಿಗೆ ತುತ್ತಾಗಿ 1960ರ ದಶಕದ ಕೊನೆಗೆ ಅವು ನಾನೂರಕ್ಕೂ ಕಡಿಮೆಯಾಗಿದ್ದವು. 1973ರಲ್ಲಿ ಅಭಯಾರಣ್ಯವಾಯಿತು. 2024ರ ಗಣತಿಯಲ್ಲಿ ಅವುಗಳ ಸಂಖ್ಯೆ 7,672. ಮನುಷ್ಯ ಕೈ ತಡೆದರೆ ಏನಾಗುತ್ತದೆ ಎಂಬುದಕ್ಕೆ ಕಚ್ ಸಾಕ್ಷಿ; ತಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಜ್ರಕ್. ಇಹ್ರಾಮ್ ಕಲಿಸುವ ಸಂಯಮವನ್ನು ಯಾತ್ರೆ ಮುಗಿದ ಮೇಲೂ ಉಳಿಸಿಕೊಳ್ಳುತ್ತೇವೆಯೇ ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.