ಮಿದುಳಿನ ರಕ್ತತಡೆ (ದನಗಳಲ್ಲಿ)

ಮಿದುಳಿಗೆ ಹರಿಯುವ ರಕ್ತ ಕುಗ್ಗಿದರೆ ದನದ ನಡವಳಿಕೆಯೇ ಬದಲಾಗುತ್ತದೆ. ಬಾಯಿಗೆ ತೆಗೆದುಕೊಂಡ ಹುಲ್ಲನ್ನು ಅಗಿಯದೆ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಹಣೆಯನ್ನು ಗೋಡೆಗೆ ಒತ್ತುತ್ತದೆ, ಒಂದೇ ಮಗ್ಗುಲಿಗೆ ಸುತ್ತು ಹಾಕುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ ಹಳ್ಳಿಕಾರ್ ದನಗಳಿಗೆ ಹೆಸರಾದದ್ದು; ಆದರೆ ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಈಗ ಕಾಣುವುದು ಬಹುಮಟ್ಟಿಗೆ ಸೀಮೆಹಸು. ಉಣ್ಣೆಯಿಂದ ಹರಡುವ ಥೈಲೇರಿಯಾ ರೋಗಕ್ಕೆ ಅದು ನಾಟಿ ದನಕ್ಕಿಂತ ಬೇಗ ಈಡಾಗುತ್ತದೆ. ಹಾಗಾಗಿ ಇಲ್ಲಿ ಸುತ್ತು ಹಾಕುವ ಹಸುವಿನ ಮಿದುಳನ್ನು ಶಂಕಿಸುವ ಮೊದಲು ರಕ್ತವನ್ನು ನೋಡುವುದು ಸರಿ.

ರಕ್ತತಡೆಗೆ ಗಟ್ಟಿ ಪುರಾವೆ ಸಿಕ್ಕಿದ್ದು ಉಣ್ಣೆಯಿಂದಲೇ ಹರಡುವ ಇನ್ನೊಂದು ಪರಾವಲಂಬಿಯಾದ ಬಬೇಸಿಯಾದಲ್ಲಿ. ವಿಕ್ಟರ್ ಬಾಬೆಸ್ 1888ರಲ್ಲಿ ಈ ಪರಾವಲಂಬಿಯನ್ನು ದನದ ಕೆಂಪು ರಕ್ತಕಣಗಳಲ್ಲಿ ಗುರುತಿಸಿದ. ಅದನ್ನು ಸಾಗಿಸುವುದು ಉಣ್ಣೆ ಎಂಬುದನ್ನು ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಪ್ರಕಟಿಸಿದರು. ಬಬೇಸಿಯಾ ಬೋವಿಸ್ ಹೊಕ್ಕ ಕಣಗಳು ಮಿದುಳಿನ ಲೋಮನಾಳಗಳ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಸತ್ತ ದನದ ಮಿದುಳಿನ ಹೊರಪದರ ಬೂದುಬಣ್ಣ ಕಳೆದು ಗುಲಾಬಿಗೆ ತಿರುಗಿರುತ್ತದೆ. ಅದರ ಚೂರನ್ನು ಗಾಜಿನ ಪಟ್ಟಿಯ ಮೇಲೆ ಒತ್ತಿ, ಗೀಮ್ಸಾ ಬಣ್ಣ ಹಾಕಿ ನೋಡಿದರೆ ನಾಳದ ಉದ್ದಕ್ಕೂ ಸೋಂಕಿತ ಕಣಗಳು ಕಿಕ್ಕಿರಿದಿರುತ್ತವೆ, ಅದೇ ದನದ ಕಿವಿಯಿಂದ ತೆಗೆದ ರಕ್ತದಲ್ಲಿ ಅವು ವಿರಳವಾಗಿದ್ದರೂ. ಥೈಲೇರಿಯಾದಲ್ಲಿ ನಾಳ ಕಟ್ಟುವುದು ಸೋಂಕಿತ ಬಿಳಿರಕ್ತಕಣ. ಪೂರ್ವ ಆಫ್ರಿಕದ ದನಗಳ ಸುತ್ತುರೋಗದಲ್ಲಿ ಇದು ಸ್ಪಷ್ಟವಾಗಿದೆ. ಭಾರತದ ಥೈಲೇರಿಯಾ ಆನ್ಯುಲೇಟಾದಲ್ಲಿ ಮಿದುಳಿನ ರೂಪ ವರದಿಯಾಗಿದೆಯಾದರೂ ಅಪರೂಪ.

ಜ್ವರ ಮತ್ತು ರಕ್ತಹೀನತೆಯೇ ಇದಕ್ಕೆಲ್ಲ ಸಾಲದೇ ಎಂದು ಕೇಳಬಹುದು. ಮಂಕುತನಕ್ಕೆ ಸಾಕು. ಆದರೆ ಅವೆರಡೂ ಇಡೀ ಮಿದುಳನ್ನು ಸಮನಾಗಿ ಬಾಧಿಸುವಂಥವು. ಒಂದೇ ಕಡೆಗೆ ತಿರುಗುವ ದನದಲ್ಲಿ ಪೆಟ್ಟು ಒಂದು ಭಾಗಕ್ಕೆ ಹೆಚ್ಚು ಬಿದ್ದಿದೆ ಎಂದೇ ಊಹಿಸಬೇಕಾಗುತ್ತದೆ. ಇನ್ನೂ ಬಲವಾದ ಆಕ್ಷೇಪ ಕೀಟೋಸಿಸ್‌ನದು: ಹೊಸದಾಗಿ ಕರು ಹಾಕಿದ, ಹೆಚ್ಚು ಹಾಲು ಕೊಡುವ ಹಸು ಸಕ್ಕರೆಯ ಕೊರತೆಯಿಂದಲೂ ಸುತ್ತುತ್ತದೆ, ಕಂಡದ್ದನ್ನೆಲ್ಲ ನೆಕ್ಕುತ್ತದೆ. ಅಲ್ಲಿ ಸಾಮಾನ್ಯವಾಗಿ ಜ್ವರವಿರದು, ಮೂತ್ರಪರೀಕ್ಷೆ ಸಂಶಯ ನೀಗಿಸುತ್ತದೆ. ಥೈಲೇರಿಯಾದಲ್ಲಾದರೆ ಕಾಯಿಲೆಯ ಮೊದಲಲ್ಲೇ ಜ್ವರ ಏರಿ, ಹೆಗಲ ಮುಂದಿನ ಗ್ರಂಥಿ ಊದಿರುತ್ತದೆ. ಜೊಲ್ಲು ಸುರಿಸುತ್ತ ಕರ್ಕಶವಾಗಿ ಅರಚುವ ದನದಲ್ಲಿ ರೇಬಿಸ್ ಶಂಕೆ ತೀರುವವರೆಗೆ ಬಾಯಿಗೆ ಕೈ ಹಾಕುವಂತಿಲ್ಲ.

ಥೈಲೇರಿಯಾಗೆ ಬುಪರ್ವಕ್ವೋನ್ ಚುಚ್ಚುಮದ್ದು ಆರಂಭದಲ್ಲಿ ಕೊಟ್ಟರೆ ಫಲಕಾರಿ. ಪರಾವಲಂಬಿಯನ್ನು ಅದು ಕೊಲ್ಲುತ್ತದೆಯೇ ಹೊರತು ರಕ್ತವಿಲ್ಲದೆ ಸತ್ತ ಮಿದುಳಿನ ಭಾಗವನ್ನು ಮರಳಿ ತಾರದು. ರೋಗ ಹರಡುವ ಹಯಲೊಮ್ಮಾ ಉಣ್ಣೆ ಕೊಟ್ಟಿಗೆಯ ಗೋಡೆಬಿರುಕು, ನೆಲದ ಸಂದುಗಳಲ್ಲಿ ಅಡಗುವುದರಿಂದ ದನದ ಮೈಗಷ್ಟೇ ಔಷಧ ಹೊಡೆದರೆ ಸಾಲುವುದಿಲ್ಲ.